ಸೊಳ್ಳೆಪರದೆ ಉಬ್ಬಿದ ಮಧ್ಯಾಹ್ನ

ಗಾಳಿ ಹಿಡಿಯುತ್ತದೆ, ಗಾಳಿ ಸೋಕುತ್ತದೆ ಎಂಬ ಮಾತನ್ನು ನಾನು ಎಂದೂ ನಂಬಿದವಳಲ್ಲ. ನವಲಗುಂದದ ಕಡೆ ಹೆಣ್ಣುಮಕ್ಕಳ ವಸತಿನಿಲಯವೊಂದರಲ್ಲಿ ವಾರ್ಡನ್ ಆಗಿದ್ದೆ. ಪರೀಕ್ಷೆ ಹತ್ತಿರ ಬಂದಾಗ ಯಾವಳೋ ಒಬ್ಬಳು ಕಣ್ಣು ಮೇಲೆ ಮಾಡಿ ಬೀಳುವಳು, ಉಳಿದವರು ಗಾಳಿ ಎಂದು ಚೀರುವರು. ನಾನು ಒಂದು ಲೋಟ ಮಜ್ಜಿಗೆ ಕುಡಿಸಿ ಮಲಗಿಸುತ್ತಿದ್ದೆ. ಮರುದಿನ ಬೆಳಗಿನ ಗಂಟೆಗೆ ಆಕೆಯೇ ಮೊದಲು ಎದ್ದಿರುತ್ತಿದ್ದಳು. ಈಗ ಬರೆಯುವುದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ಬೇರೆಯವರು ಬರೆದಿದ್ದರೆ ನಾನೂ ನಗುತ್ತಿದ್ದೆ.

ಕೆಲವು ವರ್ಷಗಳ ಹಿಂದಿನ ಮಾತು. ತಂಬೂರ ಎಂಬ ಹಳ್ಳಿಯಲ್ಲಿರುವ ನನ್ನ ತಮ್ಮ ಶಿವಪ್ಪನಿಗೆ ರಕ್ತದ ಕ್ಯಾನ್ಸರ್ ಆಗಿ, ಕಾಂಡಕೋಶ ಕಸಿ ಮಾಡಬೇಕಾಯಿತು. ಅಂದರೆ ಹೊಸ ರಕ್ತ ಹುಟ್ಟಿಸುವ ಕಣಗಳನ್ನು ಇನ್ನೊಬ್ಬರಿಂದ ತೆಗೆದು ರೋಗಿಗೆ ಕೊಡುವುದು. ನನ್ನವು ಹೊಂದಿದವು, ಕೊಟ್ಟೆ. ಅವನು ಮನೆಗೆ ಬಂದ ಮೇಲೆ ನಾನೂ ಅಲ್ಲೇ ಉಳಿದು ಅವನ ಊಟ, ಔಷಧ, ಸ್ವಚ್ಛತೆ ಎಲ್ಲವನ್ನೂ ಕೈಗೆ ತೆಗೆದುಕೊಂಡೆ. ಪಕ್ಕದ ಭತ್ತದ ಗಿರಣಿಯ ಧೂಳು ಬರಬಾರದೆಂದು ಅವನ ಕೋಣೆಯ ಕಿಟಕಿಯ ಸಂದಿಗಳಿಗೆ ಟೇಪ್ ಹಚ್ಚಿದೆ. ಹೊರಗಿನವರಿಗೆ ಆ ಕೋಣೆಗೆ ಪ್ರವೇಶವಿರಲಿಲ್ಲ.

ಎಲ್ಲ ಸರಿಹೋಗುತ್ತಿದೆ ಎನ್ನುವಾಗ ಅವನ ಹೊಟ್ಟೆ ಉಬ್ಬತೊಡಗಿತು. ಹುಬ್ಬಳ್ಳಿಯಲ್ಲಿ ಸ್ಕ್ಯಾನ್ ಮಾಡಿದರು. ಕರುಳಿನ ಗೋಡೆಯೊಳಗೆ ಗುಳ್ಳೆ ಗುಳ್ಳೆಯಾಗಿ ಗಾಳಿ ತುಂಬಿತ್ತು, ಸ್ವಲ್ಪ ಹೊರಗೂ ಸೋರಿತ್ತು. ಕಸಿಯ ನಂತರ ಅಪರೂಪಕ್ಕೆ ಹೀಗಾಗುತ್ತದಂತೆ. ಕರುಳು ತೂತಾಗಿದ್ದರೆ ಹೊಟ್ಟೆ ಕೊಯ್ಯಲೇಬೇಕು. ಆದರೆ ಕಸಿಯ ನಂತರ ಅಷ್ಟು ಸ್ಟಿರಾಯ್ಡ್ ಔಷಧ ಹೋದ ಮೈಯಲ್ಲಿ ಕೊಯ್ದ ಗಾಯ ಮಾಯುವ ಭರವಸೆ ಇರಲಿಲ್ಲ. ಅವನು ಟೇಬಲ್ ಮೇಲಿಂದ ಏಳದೇ ಹೋಗಬಹುದು ಎಂದು ಡಾಕ್ಟರು ಮುಚ್ಚುಮರೆ ಇಲ್ಲದೆ ಹೇಳಿದರು. ನೋವು, ಜ್ವರ ಎರಡೂ ಇರಲಿಲ್ಲವಾದ್ದರಿಂದ ಕೆಲವು ದಿನ ಇರಿಸಿಕೊಂಡು ಔಷಧ ಕೊಟ್ಟು ಕಳಿಸಿದರು. ಗಾಳಿ ತಾನಾಗಿ ಹೋದರೂ ಹೋಗಬಹುದು, ಸೋಮವಾರದ ಸ್ಕ್ಯಾನಿನಲ್ಲಿ ಹೆಚ್ಚಾಗಿ ಕಂಡರೆ ಅಂದೇ ಆಪರೇಷನ್ ಎಂದರು.

ಶನಿವಾರ ಬೆಳಿಗ್ಗೆ ಶಿವಪ್ಪನ ಹೆಂಡತಿ ನೀಲವ್ವ ಗಾಳಿ ಬಿಡಿಸುವ ಅಜ್ಜನೊಬ್ಬನನ್ನು ಕರೆದುಕೊಂಡು ಬಂದಳು. ನಾನು ಬಾಗಿಲಲ್ಲೇ ತಡೆದೆ.

"ನಾ ಹೇಳಿದ್ರ ನಂಬತಿದ್ದಿಲ್ರಿ ಅಕ್ಕಾರ, ಈಗ ಡಾಕ್ಟರ ಬಾಯಿಂದನ ಬಂದೈತಲ್ರಿ, ಗಾಳಿ ಅಂತ" ಎಂದಳು.

"ಅದು ಬ್ಯಾರೆ ಗಾಳಿ ನೀಲವ್ವ."

"ಎಷ್ಟ್ ನಮೂನಿ ಗಾಳಿ ಅದಾವ್ರಿ ಹಂಗಾರ?"

ನಾನು ಬಾಗಿಲು ಬಿಟ್ಟು ಸರಿಯಲಿಲ್ಲ. ಅಜ್ಜ ಜಗಳಕ್ಕೆ ನಿಲ್ಲದೆ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿದು ಹೋದ. ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದ ಶಿವಪ್ಪ ಹೆಂಡತಿಗೆ, "ಅಕ್ಕನ ರಕ್ತ ಮೈಯಾಗ ಬಂದಾಗಿಂದ ನನಗೂ ಅಕಿಯಂಗ ನಸಿಕಿನ್ಯಾಗ ಎಚ್ಚರ ಆಗಾಕ ಹತ್ತೇತಿ. ಇಂಥಾ ಮೈಯಾಗ ಯಾವ್ ಗಾಳಿ ಇರತೈತಿ ಬಿಡ" ಎಂದ. ಮೂವರೂ ನಕ್ಕೆವು.

ಅಂದು ಮಧ್ಯಾಹ್ನ ಕರೆಂಟು ಹೋಯಿತು. ಶಿವಪ್ಪ ಸೊಳ್ಳೆಪರದೆಯೊಳಗೆ ಅಂಗಾತ ಮಲಗಿ ನಿದ್ದೆ ಹೋಗಿದ್ದ. ಪರದೆಯ ಅಂಚನ್ನು ನಾನೇ ಸುತ್ತಲೂ ಗಾದಿಯ ಕೆಳಗೆ ಬಿಗಿಯಾಗಿ ಸಿಕ್ಕಿಸಿದ್ದೆ. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ, ಎದುರಿನ ಖುರ್ಚಿಯಲ್ಲಿ ಕುಳಿತು ಅವನ ಔಷಧಗಳನ್ನು ಡಬ್ಬಿಗೆ ಹಾಕುತ್ತಿದ್ದೆ. ನನಗೆ ತೂಕಡಿಕೆ ಇರಲಿಲ್ಲ. ಹಗಲು ಮಲಗುವ ರೂಢಿ ನನಗಿಲ್ಲ.

ಪರದೆ ಅಲುಗಿದಂತಾಗಿ ತಲೆ ಎತ್ತಿದೆ. ಅದು ನಿಧಾನವಾಗಿ ಹೊರಕ್ಕೆ ಉಬ್ಬುತ್ತಿತ್ತು. ಒಂದು ಬದಿಯಲ್ಲ, ನಾಲ್ಕೂ ಬದಿ ಒಟ್ಟಿಗೆ. ತುಂಬಿದ ಚೀಲದಂತೆ ಬಿಗಿದು ನಿಂತು, ನನ್ನ ಮೊಣಕಾಲಿಗೆ ತಾಗಿತು. ಹಾಗೆಯೇ ಸ್ವಲ್ಪ ಹೊತ್ತು ಇದ್ದು ಮತ್ತೆ ಇಳಿದು ಮೊದಲಿನಂತಾಯಿತು. ನೆತ್ತಿಯ ಮೇಲಿನ ಫ್ಯಾನು ನಿಂತೇ ಇತ್ತು. ನನ್ನ ತೊಡೆಯ ಮೇಲಿದ್ದ ಔಷಧ ಚೀಟಿ ಕದಲಿರಲಿಲ್ಲ.

ಶಿವಪ್ಪ ಕಣ್ಣು ತೆರೆದು, "ಅಕ್ಕಾ, ಬಾಗಲಾ ಯಾರ್ ತಗದ್ರು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಮತ್ತೆ ನಿದ್ದೆ ಹೋದ.

ಎದ್ದು ಚಿಲಕ ನೋಡಿದೆ, ಹಾಕಿದಂತೆಯೇ ಇತ್ತು. ಕಿಟಕಿಯ ಟೇಪಿನ ಮೇಲೆ ಉದ್ದಕ್ಕೂ ಬೆರಳಾಡಿಸಿದೆ, ಎಲ್ಲೂ ಬಿಟ್ಟಿರಲಿಲ್ಲ.

ಸೋಮವಾರ ಡಾಕ್ಟರು ಹೊಸ ಸ್ಕ್ಯಾನನ್ನು ಹಳೆಯದರ ಪಕ್ಕದಲ್ಲಿಟ್ಟು ನೋಡಿ, ಗಾಳಿ ಇಲ್ಲ, ಆಪರೇಷನ್ ಬೇಡ ಎಂದರು. ನೀಲವ್ವ ಡಾಕ್ಟರಿಗೆ ಕೈಮುಗಿದಳು. ಎಲ್ಲಿಗೆ ಹೋಯಿತು ಎಂದು ನಾನು ಕೇಳಿದೆ. ಮೈಯೊಳಗೇ ಹೀರಿಹೋಗುತ್ತದೆ ಎಂದರು. ಅವರ ಮಾತು ಸರಿಯೇ ಇರಬೇಕು, ಅದನ್ನು ಅನುಮಾನಿಸಲು ನನಗೆ ಕಾರಣವಿಲ್ಲ. ಕಂಡದ್ದನ್ನು ಅವರಿಗೆ ಹೇಳಲಿಲ್ಲ.

ಆಮೇಲೆ ಅದೇ ಪರದೆ ಕಟ್ಟಿ ಫ್ಯಾನು ಹಚ್ಚಿ ನೋಡಿದ್ದೇನೆ, ಕಿಟಕಿ ತೆರೆದೂ ನೋಡಿದ್ದೇನೆ. ಒಂದು ಬದಿ ಉಬ್ಬಿದರೆ ಇನ್ನೊಂದು ಬದಿ ಒಳಕ್ಕೆ ಒತ್ತುತ್ತದೆ. ನಾಲ್ಕೂ ಒಟ್ಟಿಗೆ ಉಬ್ಬಿದ್ದು ಅದೊಂದೇ ಸಲ. ಗಾಳಿ ಹಿಡಿಯುತ್ತದೆ ಎಂಬುದನ್ನು ನಾನು ಇಂದಿಗೂ ನಂಬುವುದಿಲ್ಲ.

ಶಿವಪ್ಪ ಈಗ ಆರಾಮಿದ್ದಾನೆ. ಒಮ್ಮೊಮ್ಮೆ, ಅವತ್ತು ಮಧ್ಯಾಹ್ನ ಬಾಗಿಲು ತೆಗೆದವರು ಯಾರು ಎಂದು ಕೇಳುತ್ತಾನೆ. ನಾನೇ ಎಂದರೆ ಸುಳ್ಳಾಗುತ್ತದೆ, ಯಾರೂ ಇಲ್ಲ ಎಂದರೆ ಅವನು ಅಷ್ಟಕ್ಕೇ ಬಿಡುವವನಲ್ಲ. ನಾನು ಎದ್ದು ಚಹಾಕ್ಕೆ ಇಡುತ್ತೇನೆ.