ಕಲ್ಲಕ್ಕನ ದಪ್ಪ ಚೂರು

ಭೂವಿಜ್ಞಾನ ವಿಭಾಗದ ಕೆಳಮಹಡಿಯ ಮೂಲೆ ಕೋಣೆಯಲ್ಲಿ ಮೊದಲು ಕೇಳುವುದು ಗರಗಸದ ಕಿರುಚಾಟ, ಅದರ ಮೇಲೆ ಕಲ್ಲಕ್ಕನ ಬೈಗುಳ. ಬೈಗುಳ ಕಲ್ಲಿಗೆ, ಮನುಷ್ಯರಿಗಲ್ಲ. ಇಪ್ಪತ್ತೆರಡು ವರ್ಷಗಳಿಂದ ಅವಳ ಕೆಲಸ ಒಂದೇ: ಕಲ್ಲಿನ ಚೂರನ್ನು ಗಾಜಿಗೆ ಅಂಟಿಸಿ, ಬೆಳಕು ಹಾಯುವಷ್ಟು ತೆಳುವಾಗಿ ಉಜ್ಜುವುದು. ಅಳೆಯುವ ಉಪಕರಣ ಪಕ್ಕದಲ್ಲಿದ್ದರೂ ಮುಟ್ಟುವವಳಲ್ಲ. ಸೂಕ್ಷ್ಮದರ್ಶಕದಡಿ ಹರಳಿನ ಬಣ್ಣ ಬೂದಿಗೆ ಇಳಿಯಿತೋ, ಇಷ್ಟು ತೆಳು ಸಾಕೆಂದು ಕೈ ತಾನಾಗಿ ನಿಲ್ಲುತ್ತಿತ್ತು.

ಅವತ್ತು ಸಂಶೋಧನೆ ಮಾಡುವ ಹುಡುಗಿ ಹೆಬ್ಬೆರಳ ಗಾತ್ರದ ಕರಿಗಲ್ಲು ತಂದಳು. ಒಂದು ಕಾಲಕ್ಕೆ ಸಮುದ್ರದ ತಳವಾಗಿದ್ದು, ಈಗ ಬೆಟ್ಟದ ನೆತ್ತಿಯಲ್ಲಿ ಕೂತ ಕಲ್ಲು.

“ಅಕ್ಕಾ, ಇದು ಸಮುದ್ರದಡಿಯ ಬಿರುಕಲ್ಲಿ ಹುಟ್ಟಿದ ಮಾಮೂಲಿ ನೆಲವೋ, ಇಲ್ಲಾ ಆಳದಿಂದ ಲಾವಾ ಉಕ್ಕುಕ್ಕಿ ಪದರಪದರವಾಗಿ ಕೂತ ಪ್ರಸ್ಥಭೂಮಿಯೋ ನೋಡ್ಬೇಕು. ಉಳಿದ ಕಲ್ಲೆಲ್ಲ ನೀರು ಕುಡಿದು ಕೆಟ್ಟಿದೆ. ಇದರಲ್ಲಿ ಮಾತ್ರ ಕೆಲವು ಹರಳು ಚೆನ್ನಾಗಿವೆ. ಇಷ್ಟೇ ಇರೋದು, ಜೋಪಾನ.”

“ತೊಟ್ಟಿಲ ಕೂಸಿನ ಥರ ನೋಡ್ಕೋತೀನಿ, ಹೋಗು.”

ಮರುದಿನ ಚೂರು ಸಿದ್ಧ. ಎಂಥಾ ಚೂರು! ಬೆಳಕಿಗೆ ಹಿಡಿದರೆ ಹೊಗೆಯಂತಿತ್ತು. ಹುಡುಗಿಯ ಮುಖ ಮಾತ್ರ ಸಪ್ಪಗಾಯಿತು.

“ಅಕ್ಕಾ, ಹರಳನ್ನ ಸುಟ್ಟು ಅದರಲ್ಲೇನಿದೆ ಅಂತ ನೋಡೋ ಲೇಸರ್‌ಗೆ ಇದರ ಮೂರು ಪಟ್ಟು ದಪ್ಪ ಬೇಕಿತ್ತು. ಇದನ್ನ ತೂತು ಮಾಡ್ಕೊಂಡು ಗಾಜಿಗೇ ಇಳಿಯುತ್ತೆ. ಕಲ್ಲಿನ ಜೊತೆ ಕೊಟ್ಟ ಚೀಟೀಲಿ ಬರೆದಿದ್ನಲ್ಲ?”

ಬರೆದಿತ್ತು. ಕಲ್ಲಕ್ಕ ಓದಿರಲಿಲ್ಲ. ಇಷ್ಟು ವರ್ಷವಾದ ಮೇಲೆ ಚೀಟಿ ಯಾರು ಓದುತ್ತಾರೆ? ಅವಳ ಕಿವಿ ಬಿಸಿಯಾಯಿತು.

“ತಪ್ಪು ನಂದೇ, ಕಣೇ. ಅಳಬೇಡ, ಕೂತ್ಕೋ.”

ಉಳಿದ ತುಂಡನ್ನು ಒದ್ದೆ ಮಾಡಿ, ಭೂತಗನ್ನಡಿ ಹಿಡಿದು ತಿರುಗಿಸಿದಳು. ಅಂಚಿನಲ್ಲಿ ಒಂದೇ ಒಂದು ಹರಳು ಹಸಿರಾಗಿ ಮಿನುಗಿತು. ತುಂಡು ಗರಗಸದ ಹಿಡಿತಕ್ಕೆ ಸಿಗದಷ್ಟು ಚಿಕ್ಕದು. ಹಾಗೇ ಗಾಜಿಗಂಟಿಸಿ ಕೈಯಲ್ಲೇ ಉಜ್ಜಬೇಕು. ಜಾಸ್ತಿ ಉಜ್ಜಿದರೆ ಹರಳೂ ಹೋಯಿತು, ಹುಡುಗಿಯ ಎರಡು ವರ್ಷದ ದುಡಿಮೆಯೂ ಹೋಯಿತು.

“ನೀನು ಅಳತೆ ಓದು. ನಾನು ಕೇಳದಿದ್ರೂ ಓದು.”

ಹತ್ತು ಸುತ್ತು ಉಜ್ಜುವುದು, ಅಳೆಯುವುದು. ಬೂದಿ ಬಣ್ಣ ಬರಲೆಂದು ಕಲ್ಲಕ್ಕನ ಕೈ ಒಳಗೊಳಗೇ ಹಟ ಹಿಡಿದಿತ್ತು.

“ಸಾಕು ಅಕ್ಕಾ! ನಿಲ್ಸಿ!”

“ಇಷ್ಟು ದಪ್ಪಕ್ಕೇ? ನೋಡಿದವರು ನಂಗೆ ಕೆಲಸ ಮರೆತುಹೋಗಿದೆ ಅಂತಾರೆ.”

“ಅನ್ನಲಿ ಬಿಡಿ!”

ಮೂರು ವಾರದ ನಂತರ ಹುಡುಗಿ ಎರಡೆರಡು ಮೆಟ್ಟಿಲು ಹಾರಿ ಕೆಳಗಿಳಿದಳು. “ಪ್ರಸ್ಥಭೂಮಿ ಅಕ್ಕಾ! ಬಿರುಕಿನದ್ದಲ್ಲ, ಆ ಹರಳು ಅತ್ತ ಕಡೆಗೇ ಬೆರಳು ತೋರಿಸ್ತಿದೆ!”

“ಒಂದು ಹರಳಿನ ಮಾತನ್ನ ಜನ ನಂಬ್ತಾರೇನೇ?”

“ಅದಕ್ಕೇ ಇನ್ನಷ್ಟು ಕಲ್ಲು ತರೋಕೆ ಬೆಟ್ಟಕ್ಕೆ ಹೋಗ್ತಿದ್ದೀವಿ. ನೀವೂ ಬನ್ನಿ. ಎಷ್ಟು ಬೇಕು ಅಂತ ಅಲ್ಲೇ ಹೇಳಿ.”

ಕಲ್ಲಕ್ಕ ಗರಗಸ ನಿಲ್ಲಿಸಿದಳು. ಸಾವಿರಾರು ಕಲ್ಲು ಕೊಯ್ದವಳು ಒಂದು ಬಂಡೆಯನ್ನೂ ಅದು ಹುದುಗಿದ ಜಾಗದಲ್ಲಿ ಕಂಡಿರಲಿಲ್ಲ.

“ಬರ್ತೀನಿ. ಆದ್ರೆ ಈ ಸಲ ಅಂಗೈಯಗಲ ಒಡೀಬೇಕು. ಜಿಪುಣತನ ಮಾಡಿದ್ರೆ ಸುತ್ತಿಗೆ ನಾನೇ ಕಿತ್ಕೋತೀನಿ.”