ಸದ್ದಿಲ್ಲದ ಕಾರು

ನನ್ನ ಗಂಡ ಮೊದಲ ಸಲ ನನ್ನ ಮೇಲೆ ಕೈ ಮಾಡಿದ್ದು ಕಾರಿನಲ್ಲೇ. ಆದೋನಿಯಿಂದ ಕೌತಾಳಂ ದಾಟಿ ನನ್ನ ತವರಿಗೆ ಹೊರಟಿದ್ದೆವು. ಹಳೆಯ ಡೀಸೆಲ್ ಕಾರು, ಕಿತ್ತುಹೋದ ರಸ್ತೆ. ಟೈರಿನ ಮೊರೆತದಲ್ಲಿ ಪಕ್ಕದವರ ಮಾತೂ ಕೇಳುತ್ತಿರಲಿಲ್ಲ. ಅವನು ಏನೋ ಕೇಳಿದ. ನಾನು "ಆಂ?" ಎಂದೆ. ಎರಡನೆಯ ಸಲವೂ "ಆಂ?" ಎಂದಾಗ ಗೇರಿನ ಮೇಲಿದ್ದ ಕೈ ಎದ್ದು ಬಂದು ಬಾಯಿಗೆ ಬಡಿಯಿತು. ತುಟಿ ಒಡೆಯಿತು. ಸ್ವಲ್ಪ ದೂರ ಹೋದ ಮೇಲೆ ಅವನೇ ನೀರಿನ ಬಾಟಲಿ ಕೊಟ್ಟ.

"ಈ ಗದ್ದಲಕ್ಕ ತಲಿ ಕೆಡ್ತೈತಿ ನೋಡು. ನನ್ನ ಕೈಯಾಗ ನಾ ಇರಂಗಿಲ್ಲ," ಎಂದ.

ನಾನು ನಂಬಿದೆ. ಅವನು ಹತ್ತಿ ವ್ಯಾಪಾರಿ. ಸೀಸನ್ನಿನಲ್ಲಿ ದಿನವಿಡೀ ಹಳ್ಳಿ ಹಳ್ಳಿ ತಿರುಗುತ್ತಿದ್ದ. ಮನೆ ಮುಂದೆ ಕಾರಿನಿಂದ ಇಳಿಯುವಾಗಲೇ ಅವನ ಮುಖ ಬಿಗಿದಿರುತ್ತಿತ್ತು. ಒಮ್ಮೆ ಊಟದ ತಾಟು ನನ್ನ ಮುಖಕ್ಕೆ ಎಸೆದ. ಇನ್ನೊಮ್ಮೆ ಜಡೆ ಹಿಡಿದು ಅಡುಗೆಕಟ್ಟೆಗೆ ಹಣೆ ಗುದ್ದಿದ. ಪ್ರತಿ ಸಲವೂ, ಇವತ್ತು ಎಷ್ಟು ದೂರ ಕಾರು ಓಡಿಸಿರಬಹುದು ಎಂದೇ ನಾನು ಯೋಚಿಸುತ್ತಿದ್ದೆ. ಕಡೆಗೆ ನಾನೇ ಹೇಳಿದೆ: "ರೀ, ಕಾರಿನೊಳಗ ಸದ್ದು ಬರದಂಗ ಏನೋ ಹಾಕ್ತಾರಂತಲ್ರಿ. ಹಾಕ್ಸಿಬಿಡ್ರಿ."

ಬೈಪಾಸಿನಲ್ಲಿ ಸೀಟ್ ಕವರ್ ಹಾಕುವ ಮಿಸ್ತ್ರಿಯೊಬ್ಬ ಆ ಕೆಲಸ ಒಪ್ಪಿಕೊಂಡ. ಎರಡನೆಯ ದಿನ ನಾನೂ ನೋಡಲು ಹೋದೆ. ಸೀಟು, ಕಾರ್ಪೆಟ್ಟು ಎಲ್ಲ ಬಿಚ್ಚಿಟ್ಟು, ಬರಿಯ ತಗಡಿನ ಮೇಲೆ ಡಾಂಬರಿನಂಥ ಕಪ್ಪು ಶೀಟು ಅಂಟಿಸಿ, ಸಣ್ಣ ರೋಲರಿನಿಂದ ಒತ್ತಿ ಒತ್ತಿ ಕೂರಿಸುತ್ತಿದ್ದ. ಬಾಗಿಲುಗಳಿಗೂ ಅದೇ, ಮೇಲೆ ಫೋಮು, ಅಂಚಿಗೆ ಹೊಸ ರಬ್ಬರು. ಮುಗಿದ ಬಾಗಿಲನ್ನು ಗೆಣ್ಣಿನಿಂದ ತಟ್ಟಿ ತೋರಿಸಿದ. "ಮೊದ್ಲ ಡಬ್ಬಿ ಇತ್ತಮ್ಮಾ. ಈಗ ಗೋಡಿ ಆತು, ನೋಡ್ರಿ." ನನಗೆ ಆದ ಸಂತೋಷ ಹೇಳತೀರದು.

ಹತ್ತು ದಿನ ಚೆನ್ನಾಗಿಯೇ ಇದ್ದ. ಆಮೇಲೆ ನನ್ನ ತಮ್ಮನ ಮಗುವಿನ ತೊಟ್ಟಿಲ ಶಾಸ್ತ್ರಕ್ಕೆ ತವರಿಗೆ ಹೊರಟೆವು. ದಾರಿಯಲ್ಲಿ ಅವ್ವ ಫೋನ್ ಮಾಡಿ ಎಲ್ಲಿದ್ದೀರಿ ಎಂದು ಕೇಳಿದಳು. "ಇವ್ರು ಹೊರಡಾದೇ ತಡ ಆತವ್ವಾ," ಎಂದೆ. ಅಷ್ಟೇ.

"ನಿಮ್ಮವ್ವಗ ನನ್ನ ಚಾಡಿ ಹೇಳ್ತಿ?" ಮೆಲ್ಲಗೆ ಕೇಳಿದ. ಕಿರುಚುವ ಅಗತ್ಯವೇ ಇರಲಿಲ್ಲ. ಮರುಕ್ಷಣ ಅಂಗೈ ನನ್ನ ಕಿವಿಗೆ ಅಪ್ಪಳಿಸಿತು. ಒಳಗೆ ಏನೋ ಹರಿದ ಹಾಗಾಯಿತು. ಒಂದು ಕೈ ಸ್ಟೇರಿಂಗಿನ ಮೇಲೆ, ಇನ್ನೊಂದು ಕೈಯ ಮುಷ್ಟಿ ನನ್ನ ಪಕ್ಕೆಯ ಮೇಲೆ. ಜೋರಾಗಿ ಕಿರುಚಿದೆ. ರಸ್ತೆ ಬದಿ ಬಸ್ಸಿಗೆ ಕಾಯುತ್ತಿದ್ದವರಲ್ಲಿ ಒಬ್ಬರೂ ತಿರುಗಿ ನೋಡಲಿಲ್ಲ. ಕಾರಿನೊಳಗೆ ಟೈರಿನ ಸದ್ದಿಲ್ಲ, ಎಂಜಿನ್ನಿನ ಸದ್ದಿಲ್ಲ. ಅವನ ಉಸಿರು ಮಾತ್ರ ಕೇಳುತ್ತಿತ್ತು. ಇಷ್ಟು ದಿನ ನಾನು ಯಾವುದರ ಮೇಲೆ ತಪ್ಪು ಹೊರಿಸುತ್ತಿದ್ದೆನೋ ಅದು ಇರಲೇ ಇಲ್ಲ.

ಮುಂದೆ ಹತ್ತಿ ತುಂಬಿದ ಟ್ರಾಕ್ಟರು ಅಡ್ಡ ತಿರುಗುತ್ತಿತ್ತು. ಅವನು ಬ್ರೇಕ್ ಹಾಕಿದ. ನಾನು ಬಾಗಿಲು ತೆರೆದು ಹೊರಗೆ ಬಿದ್ದೆ. ಇಳಿದು ಬಂದವನೇ ಕೂದಲು ಹಿಡಿದು ಎಳೆದ. ಬಾರದಿದ್ದಾಗ ಹೊಟ್ಟೆಗೆ ಒದ್ದ. ಹಿಂದೆ ಹತ್ತಿ ಬಿಡಿಸಲು ಹೊರಟ ಹೆಂಗಸರ ಆಟೋ ನಿಂತಿತ್ತು. ಅದರಿಂದ ಇಳಿದ ವಯಸ್ಸಾದವಳೊಬ್ಬಳು ಅವನ ಕಾಲರು ಹಿಡಿದು, ನೀನು ಮನುಷ್ಯನೋ ಅಲ್ಲವೋ ಎಂದು ತೆಲುಗು ಬೆರೆಸಿ ಗದರಿದಳು.

"ಏಮಯ್ಯಾ, ಮನಿಷಿವಾ ಕಾದಾ? ಬಿಡು ಆಕಿನ್ನ!"

ಅವಳನ್ನು ದಬ್ಬಿ ಬೀಳಿಸಿದ. ಅವನು ಮಾಡಿದ ತಪ್ಪು ಅದು. ಉಳಿದ ಹೆಂಗಸರೆಲ್ಲ ಇಳಿದರು. ಚಪ್ಪಲಿಯಲ್ಲಿ, ಬುತ್ತಿಯ ಡಬ್ಬಿಯಲ್ಲಿ, ಕೈಗೆ ಸಿಕ್ಕಿದ್ದರಲ್ಲಿ ಬಡಿದರು. ಅವನ ಹುಬ್ಬು ಸೀಳಿ ರಕ್ತ ಅಂಗಿಗೆ ಇಳಿಯಿತು. "ಇನ್ನಾ ಹಾಕ್ರಿ!" ಎಂದು ಮಣ್ಣಿನಲ್ಲಿ ಕೂತೇ ಕೂಗಿದೆ. ಆ ಮಾತಿಗೆ ಇವತ್ತಿಗೂ ನನಗೆ ನಾಚಿಕೆಯಿಲ್ಲ. ಅವರೇ ನನ್ನನ್ನು ಆಟೋದಲ್ಲಿ ತವರಿಗೆ ಮುಟ್ಟಿಸಿದರು. ಕಿವಿಯ ತಮಟೆ ಹರಿದಿದೆ, ಪಕ್ಕೆಲುಬು ಬಿರುಕು ಬಿಟ್ಟಿದೆ ಎಂದರು ಡಾಕ್ಟರು.

ವಾರದ ಮೇಲೆ ಅವನು, ಅವನ ಕಾಕ, ನನ್ನ ಅತ್ತೆ ಮೂವರೂ ರಾಜಿಗೆ ಬಂದರು. ಪಡಸಾಲೆಯಲ್ಲಿ ನಮ್ಮ ಕಡೆಯ ಹಿರಿಯರೂ ಕೂತಿದ್ದರು. "ಬಿಸಿಲಾಗ ತಿರುಗ್ಯಾಡೋ ಹುಡುಗ, ತಲಿ ಕಾದಿರ್ತೈತಿ. ಹೆಣ್ಮಗಳು ಸ್ವಲ್ಪ ತಾಳಬೇಕು," ಎಂದ ಕಾಕ.

ಗೋಡೆಗೆ ಒರಗಿ ಕೂತಿದ್ದ ಅತ್ತೆ ಬಲಗೈ ಎತ್ತಿ ಹಿಡಿದರು. ಅವರ ಕಿರುಬೆರಳು ಸೊಟ್ಟ. ಬಾಗಿಲಿಗೆ ಸಿಕ್ಕಿತ್ತು ಎಂದು ನನಗೆ ಹೇಳಿದ್ದರು.

"ಇದನ್ನ ಮುರದಾಗ ಇವ ಕಾಲೇಜಿಗೆ ಹೋಗ್ತಿದ್ದ. ಸಾರಿಗೆ ಉಪ್ಪು ಕಡಿಮಿ ಆಗಿತ್ತು. ಆಗೇನು ಬಿಸಿಲಾಗ ತಿರುಗಿದ್ದಿಲ್ಲ ಇವ. ಆಕಿನ್ನ ಕಳಸಬ್ಯಾಡ್ರಿ."

ಅವನು ಎದ್ದು ಹೋಗಿ ಎಲ್ಲರೆದುರೇ ತಾಯಿಯ ಕೆನ್ನೆಗೆ ಹೊಡೆದ. ಮತ್ತೆ ಕೈ ಎತ್ತುವಷ್ಟರಲ್ಲಿ ನನ್ನ ತಮ್ಮ ಅವನನ್ನು ನೆಲಕ್ಕೆ ಕೆಡವಿ ಎದೆಯ ಮೇಲೆ ಕೂತ. ರಾಜಿಯ ಮಾತು ಅಲ್ಲಿಗೇ ಮುಗಿಯಿತು. ಸಂಜೆಯೊಳಗೆ ನಾನು ಠಾಣೆಗೆ ಹೋಗಿ ದೂರು ಬರೆದುಕೊಟ್ಟೆ.

ಅತ್ತೆ ಮತ್ತೆ ಆದೋನಿಯ ಮನೆಗೆ ಹೋಗಲಿಲ್ಲ. ಈಗ ಕೋಸಗಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ವಿಚಾರಣೆಗೆ ನಾನು ಹೋದಾಗಲೆಲ್ಲ ಸಾಕ್ಷಿ ಹೇಳಲು ಅವರೂ ಬರುತ್ತಾರೆ. ಕೋರ್ಟಿನ ಮುಂದಿನ ಬೇವಿನ ಕೆಳಗೆ ಇಬ್ಬರೂ ರೊಟ್ಟಿ ಬಿಚ್ಚಿಕೊಂಡು ಕೂಡುತ್ತೇವೆ.