ಕೋಟಾ ತುಂಬಿದ ಮೇಲೆ ಕಸೂತಿ

"ಯುರೋಪಿನವರಿಗೆ ಈ ವರ್ಷ ಅಂಗಿ ಸಾಕಂತ್ರಿ. ನಾಳಿಂದ ಬರಬ್ಯಾಡ್ರಿ" ಎಂದರು ನಮ್ಮ ಹೊಲಿಗೆ ಕಾರ್ಖಾನೆಯ ಶೇಠರು. ಅವರು ಬೆಳಗಾವಿ ಕಡೆಯವರು, ನನ್ನೊಂದಿಗೆ ಕನ್ನಡದಲ್ಲೇ ಮಾತು. ಅಯ್ಯ, ಯಾರೋ ಅಂಗಿ ತೊಟ್ಟು ಸಾಕೆಂದರೆ ಪುಣೆಯಲ್ಲಿ ನನ್ನ ಮಷಿನ್ ಯಾಕೆ ನಿಲ್ಲಬೇಕು? "ಕೋಟಾ ಸಂಪಲಾ" ಎನ್ನುತ್ತ ಉಳಿದ ಹೆಂಗಸರು ಡಬ್ಬಿ ಎತ್ತಿಕೊಂಡು ಎದ್ದರು. ಸಂಪಲಾ ಎಂದರೆ ಮುಗಿಯಿತು. ನಾನು ಕಲಿತ ಮೊದಲ ಮರಾಠಿ ಮಾತು ಅದೇ.

ಧಾರವಾಡದಲ್ಲಿ ಹೊಲಿಗೆ ಕಡಿಮೆಯಾದರೆ ಲಗ್ನದ ಹಂಗಾಮು ಮುಗಿಯಿತು ಎನ್ನುತ್ತಿದ್ದೆವು. ಇಲ್ಲಿ ಹಾಗಲ್ಲ. ಬಟ್ಟೆ ಕೊಳ್ಳುವ ದೇಶಗಳೂ ಮಾರುವ ದೇಶಗಳೂ ಒಪ್ಪಂದ ಮಾಡಿಕೊಂಡಿದ್ದವು: ಇಂಥ ದೇಶದಿಂದ ವರ್ಷಕ್ಕೆ ಇಷ್ಟೇ ಅಂಗಿ. ಆ ಮಿತಿಯೇ ಕೋಟಾ. ನಮ್ಮದು ತುಂಬಿದರೆ ಕೊಳ್ಳುವವರು ಬೇರೆ ದೇಶಕ್ಕೆ ಹೋಗುತ್ತಾರೆ. ಮನೆಯವರಿಗೆ ವರ್ಗವಾಗಿ ಪುಣೆಗೆ ಬಂದವರು ನಾವು; ನನ್ನ ಪಗಾರವಿಲ್ಲದೆ ಸದಾಶಿವ ಪೇಠದ ಹಳೆಯ ವಾಡೆಯಲ್ಲಿನ ನಮ್ಮ ಬಾಡಿಗೆ ಖೋಲಿಗಳನ್ನು ಬಿಡಬೇಕಾಗುತ್ತಿತ್ತು.

ನಿಜ ಹೇಳಬೇಕೆಂದರೆ ನನಗೆ ಊರಿನದೇ ಹಂಬಲ. ಬೇಳೆಯ ಸಾರಿಗೂ ಬೆಲ್ಲ ಹಾಕುವ ಜನ ಇವರು! ನಮ್ಮಲ್ಲಿ ಮಧ್ಯಾಹ್ನ ನೆರೆಯವರು ಬಂದು ಕೂರುತ್ತಾರೆ. ಇಲ್ಲಿ ಆ ಹೊತ್ತಿಗೆ ಎಲ್ಲರ ಬಾಗಿಲೂ ಬಂದ್.

ಆದರೆ ಆ ಒಪ್ಪಂದದಲ್ಲೇ ಒಂದು ಸಂದು ಇತ್ತು. ಕೈಮಗ್ಗದ ಬಟ್ಟೆಯ, ಕೈಕೆಲಸದ ನಮ್ಮ ಸಾಂಪ್ರದಾಯಿಕ ಉಡುಪಿಗೆ ಕೋಟಾ ಇಲ್ಲ. ಶೇಠರು ಮನೆಗೇ ಬಂದರು.

"ನಿಮಗ ಕಸೂತಿ ಬರ್ತದೇನ್ರಿ?"

"ಧಾರವಾಡದಾಕಿಗೆ ಅದೇನ್ ಕೇಳ್ತೀರಿ?"

ಕುರ್ತಾಗಳ ಮೇಲೆ ನವಿಲು, ಗೋಪುರ ಮೂಡಿದವು. ಪಕ್ಕದ ಖೋಲಿಯ ಮಾಲೂತಾಯಿ ಕಲಿಯಲು ಬಂದಳು, ಹಿಂದೆಯೇ ಇನ್ನಷ್ಟು ಹೆಂಗಸರು. ಮಧ್ಯಾಹ್ನಗಳು ನಗುವಿನಿಂದ ತುಂಬಿದವು. ಬೇಡಿಕೆ ಬೆಳೆಯಿತು, ಆಗ ಶೇಠರು ಹೇಳಿದರು: "ಧಾರವಾಡದಾಗ ಇದು ಬಲ್ಲವರು ಭಾಳ ಮಂದಿ. ಕೆಲಸ ಅಲ್ಲಿಗೇ ಒಯ್ಯೋಣು, ನೀವೇ ನೋಡಿಕೊಳ್ರಿ."

ನಮ್ಮ ಮನೆಯವರು ಹಿಗ್ಗಿದರು. "ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ! ನಾ ವರ್ಗ ಕೇಳ್ತೀನಿ, ಸಾಮಾನ ಕಟ್ಟು."

ನಾನು ಸಾಮಾನು ಕಟ್ಟಲಿಲ್ಲ. ಮಾಲೂತಾಯಿಯ ಕೈಗೆ ಈಗಷ್ಟೇ ಕೆಲಸ ಹತ್ತಿತ್ತು. ಊರಿಗಾಗಿ ಅತ್ತವಳು ನಾನೇ, ಈಗ ಒಲ್ಲೆ ಎಂದವಳೂ ನಾನೇ. "ಅರ್ಧ ಅಲ್ಲಿ ಮಾಡಸ್ರಿ, ನಮ್ಮಕ್ಕ ಮಾಡಸ್ತಾಳ. ಅರ್ಧ ಇಲ್ಲೇ ಇರಲಿ" ಎಂದು ಶೇಠರ ಮುಂದೆ ಹಟ ಹಿಡಿದೆ. ಅವರು ಒಪ್ಪಿದರು.

ಅಲ್ಲಿಂದ ಬಂದದ್ದನ್ನೂ ಇಲ್ಲಿ ನಾನೇ ಪರೀಕ್ಷಿಸುತ್ತೇನೆ. ಕಸೂತಿಯ ದಾರಕ್ಕೆ ಗಂಟು ಹಾಕಬಾರದು. ಬಟ್ಟೆಯ ಹಿಂಬದಿಯೂ ಮುಂಬದಿಯಷ್ಟೇ ಚಂದ ಇರಬೇಕು. ದೀಪಾವಳಿಗೆ ಊರಿಗೆ ಹೋದಾಗ ಅಕ್ಕ ಚಹಾ ಕೊಡುತ್ತ ಸಿಡುಕಿದಳು.

"ಆ ಪುಣೇದವರು ಭಾಳ ಖೋಡಿ ಅದಾರ ನೋಡವಾ. ಸಣ್ಣ ಗಂಟು ಕಂಡರೂ ಹೊಳ್ಳಿ ಕಳಸ್ತಾರ. ಯಾರು ಅಲ್ಲಿ ನೋಡಾವ್ರು?"

"ನಾನ ಅಕ್ಕಾ."

ಅವಳ ಮುಖ ಸಣ್ಣದಾಯಿತು. "ಹಂಗಾರ ನೀ ಈಗ ನಮ್ಮಾಕಿ ಅಲ್ಲೇನು?"

"ನಿಮ್ಮಾಕಿನೇ ಅಕ್ಕಾ. ಅದಕ್ಕೇ ನನಗ ಗಂಟು ಕಾಣ್ತದ."